ಬೇಯಿಸಿದ ಅಡಿಕೆ ಅಂಗಳದಲ್ಲಿ, ಮೋಡ ನೆತ್ತಿಯ ಮೇಲೆ

ಪ್ರಶ್ನೆ: ತೀರ್ಥಹಳ್ಳಿ ಪೇಟೆಯಿಂದ ಸ್ವಲ್ಪ ದೂರದ ಊರು ನಮ್ಮದು. ಎರಡೂವರೆ ಎಕರೆ ಅಡಿಕೆ ತೋಟ, ಒಂದು ಎಕರೆ ಗದ್ದೆ. ತಂದೆಯವರು ತೀರಿಕೊಂಡ ಮೇಲೆ ಕೊಯ್ಲು, ಬೇಯಿಸುವುದು, ಒಣಗಿಸುವುದು ಎಲ್ಲವೂ ನನ್ನ ಹೆಗಲಿಗೆ ಬಂದಿದೆ. ದೀಪಾವಳಿ ಕಳೆದರೆ ಮಳೆ ಮುಗಿಯಿತು ಎಂದು ಅವರು ಹೇಳುತ್ತಿದ್ದರು. ಈಗ ಡಿಸೆಂಬರ್ ತಿಂಗಳನ್ನೂ ನಂಬುವಂತಿಲ್ಲ. ಕಳೆದ ಸಲ ಬೇಯಿಸಿದ ಅಡಿಕೆ ನಾಲ್ಕು ದಿನ ಟಾರ್ಪಾಲಿನ ಕೆಳಗೆ ಉಳಿದು ಬೂಸ್ಟು ಹಿಡಿಯಿತು. ಕೊಯ್ದು ಹಾಕಿದ್ದ ಭತ್ತ ಗದ್ದೆಯಲ್ಲೇ ಮೊಳಕೆ ಒಡೆಯಿತು. ಮೊಬೈಲ್‌ನಲ್ಲಿ ಮೂರು ಆ್ಯಪ್ ಇಟ್ಟುಕೊಂಡಿದ್ದೇನೆ, ಮೂರೂ ಮೂರು ರೀತಿ ಹೇಳುತ್ತವೆ. ಮೋಡ ಬಿತ್ತನೆಯಿಂದ ಹೀಗಾಗುತ್ತಿದೆ ಎಂದು ಒಬ್ಬರು, ಮೊಬೈಲ್ ಟವರಿನಿಂದ ಎಂದು ಇನ್ನೊಬ್ಬರು ಹೇಳುತ್ತಾರೆ. ಚಂಡಮಾರುತ ಬರುವುದು ತಮಿಳುನಾಡಿಗೆ, ನಮ್ಮ ಅಂಗಳ ಏಕೆ ನೆನೆಯಬೇಕು? ಸಾಲ ಮಾಡಿಯಾದರೂ ಡ್ರೈಯರ್ ಹಾಕಿಸಲೇ, ಅಥವಾ ಫಸಲನ್ನು ಮರದಲ್ಲಿರುವಾಗಲೇ ಗುತ್ತಿಗೆಗೆ, ಅಂದರೆ ಚೇಣಿಗೆ ಕೊಟ್ಟು ಸುಮ್ಮನಿರಲೇ?

ಉತ್ತರ: ಮಳೆ ಯಾವಾಗ ನಿಲ್ಲುತ್ತದೆ ಎಂದು ನೀವು ಕೇಳುತ್ತಿರುವಂತೆ ಮೇಲ್ನೋಟಕ್ಕೆ ಕಾಣುತ್ತದೆ. ಅದಕ್ಕೆ ತಾರೀಖು ಕೊಡುವವರು ಯಾರಾದರೂ ಸಿಕ್ಕರೆ ಅವರಿಂದ ದೂರವಿರಿ. ಆದರೆ ನಿಮ್ಮ ನಷ್ಟದ ವಿವರ ಓದಿದರೆ ಒಳಗಿರುವ ಪ್ರಶ್ನೆ ಬೇರೆಯೇ ಇದೆ: ಎಷ್ಟು ದಿನದ ಮಾಲನ್ನು ಬಯಲಿನಲ್ಲಿ ಇಡಬಹುದು? ಸುಲಿದು ಬೇಯಿಸಿದ ಕೆಂಪಡಿಕೆ ಒಣಗಲು ಒಳ್ಳೆಯ ಬಿಸಿಲಿದ್ದರೂ ಸುಮಾರು ಒಂದು ವಾರ ಬೇಕು. ಊರಿನ ಮಟ್ಟದಲ್ಲಿ ಮಳೆಯ ಮುನ್ಸೂಚನೆಯನ್ನು ಧೈರ್ಯವಾಗಿ ನಂಬಬಹುದಾದದ್ದು ಮೂರು ದಿನ, ಹೆಚ್ಚೆಂದರೆ ಐದು ದಿನ. ಈ ಎರಡರ ನಡುವಿನ ಅಂತರವನ್ನು ಯಾವ ಆ್ಯಪ್ ಕೂಡ ತುಂಬಿಕೊಡುವುದಿಲ್ಲ, ಅದನ್ನು ನೀವೇ ತುಂಬಿಕೊಳ್ಳಬೇಕು. ಕೃಷಿ ಹವಾಮಾನದ ಕೆಲಸದಲ್ಲಿ ನನ್ನ ಹತ್ತಿರ ಬರುವ ಮಲೆನಾಡಿನ ಬಹುಪಾಲು ಪ್ರಶ್ನೆಗಳು ಕೊನೆಗೆ ಬಂದು ನಿಲ್ಲುವುದೂ ಇಲ್ಲಿಯೇ.

ನಿಮ್ಮ ತಂದೆಯವರ ಮಾತಿನಿಂದ ಶುರು ಮಾಡೋಣ. ಅದು ಮೂಢನಂಬಿಕೆಯಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಊರಿನಲ್ಲಿ ಅಕ್ಟೋಬರ್ ಕೊನೆಯ ಹೊತ್ತಿಗೆ ಮಳೆ ಹಿಂದೆ ಸರಿಯುವುದು ಎದ್ದು ಕಾಣುತ್ತದೆ. ತೊಡಕಿರುವುದು ಹಬ್ಬದ ಲೆಕ್ಕದಲ್ಲಿ. ದೀಪಾವಳಿ ಚಂದ್ರನನ್ನು ಹಿಡಿದು ಬರುತ್ತದೆ, ಮಳೆ ಸೂರ್ಯನನ್ನು ಹಿಡಿದು ಬರುತ್ತದೆ. 2023ರಲ್ಲಿ ನರಕ ಚತುರ್ದಶಿ ನವೆಂಬರ್ 12ರಂದು ಬಂತು, 2025ರಲ್ಲಿ ಅಕ್ಟೋಬರ್ 20ರಂದೇ ಬಂದುಬಿಟ್ಟಿತು. ಮೂರು ವಾರಕ್ಕೂ ಹೆಚ್ಚಿನ ವ್ಯತ್ಯಾಸ. ಅಕ್ಟೋಬರ್ 20ರ ಆಸುಪಾಸು ಎಂದರೆ, ಹವಾಮಾನ ಇಲಾಖೆಯ ವಾಡಿಕೆಯ ಲೆಕ್ಕದಲ್ಲಿ ಈಶಾನ್ಯ ಮಾರುತ ದಕ್ಷಿಣ ಭಾರತಕ್ಕೆ ಕಾಲಿಡುವ ಹೊತ್ತು. ಅಂಥ ವರ್ಷದಲ್ಲಿ ದೀಪ ಹಚ್ಚಿದ ಮಾರನೆಯ ದಿನ ಕೊಯ್ಲು ಶುರು ಮಾಡಿದರೆ ಹಿಂಗಾರು ಮಳೆಯ ಬಾಗಿಲಿಗೇ ಹೋಗಿ ನಿಂತಂತಾಯಿತು.

ಹಿರಿಯರ ಲೆಕ್ಕಗಳ ಪೈಕಿ ಮಳೆ ನಕ್ಷತ್ರದ ಲೆಕ್ಕ ಇದಕ್ಕಿಂತ ಗಟ್ಟಿಯಾದದ್ದು, ಏಕೆಂದರೆ ಅದು ಸೂರ್ಯನ ಚಲನೆಯ ಮೇಲೆ ನಿಂತಿದೆ. ಪಂಚಾಂಗ ತೆಗೆದು ನೋಡಿ: ಸ್ವಾತಿ ಅಕ್ಟೋಬರ್ 24ರ ಹೊತ್ತಿಗೆ ಶುರುವಾಗುತ್ತದೆ, ಅದರ ಹಿಂದೆ ವಿಶಾಖಾ, ಅನುರಾಧಾ, ಅಲ್ಲಿಗೆ ಡಿಸೆಂಬರ್ ಮೊದಲ ವಾರ ಬರುತ್ತದೆ. ಮಳೆಯ ನಕ್ಷತ್ರಗಳನ್ನು ಅಲ್ಲಿಯವರೆಗೂ ಎಣಿಸಿದ ಹಿರಿಯರಿಗೆ ದೀಪಾವಳಿಯ ನಂತರವೂ ಮಳೆಯಿದೆ ಎಂಬುದು ಗೊತ್ತಿತ್ತು. ಈ ಲೆಕ್ಕಕ್ಕೂ ಒಂದು ಸಣ್ಣ ಜಾರುವಿಕೆ ಇದೆ. ನಕ್ಷತ್ರಗಳನ್ನು ಆಧರಿಸಿದ ವರ್ಷ ಋತುಗಳ ವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ಉದ್ದ, ಹಾಗಾಗಿ ಎಪ್ಪತ್ತೆರಡು ವರ್ಷಕ್ಕೆ ಒಂದು ದಿನದಂತೆ ಹಿಂದೆ ಬೀಳುತ್ತದೆ. ಉತ್ತರಾಯಣದ ನಿಜವಾದ ಆರಂಭ ಡಿಸೆಂಬರ್ 21-22ಕ್ಕಿದ್ದರೂ ನಾವು ಮಕರ ಸಂಕ್ರಾಂತಿಯನ್ನು ಜನವರಿ 14-15ಕ್ಕೆ ಆಚರಿಸುವುದು ಇದೇ ಕಾರಣಕ್ಕೆ. ಆದರೆ ನಿಮ್ಮ ತಂದೆಯವರ ಕಾಲಕ್ಕೂ ನಿಮ್ಮ ಕಾಲಕ್ಕೂ ಇದರಿಂದ ಒಂದು ದಿನದ ವ್ಯತ್ಯಾಸವೂ ಬಂದಿಲ್ಲ. ಮಳೆ ತಪ್ಪಿದ್ದಕ್ಕೆ ಪಂಚಾಂಗವನ್ನು ಬೈಯುವವರಿಗೆ ಇಷ್ಟು ಹೇಳಿದರೆ ಸಾಕು.

ಮೋಡ ಬಿತ್ತನೆ, ಟವರ್ ಎರಡನ್ನೂ ಬೇಗ ಮುಗಿಸುತ್ತೇನೆ. ಕರ್ನಾಟಕದಲ್ಲಿ ಮೋಡ ಬಿತ್ತನೆ ನಡೆದದ್ದು ಹೌದು; 2017ರಲ್ಲಿ ‘ವರ್ಷಧಾರೆ’ ಹೆಸರಿನ ಯೋಜನೆಯೇ ಇತ್ತು. ಆದರೆ ಬಿತ್ತನೆ ಮೋಡವನ್ನು ಹುಟ್ಟಿಸುವುದಿಲ್ಲ. ಆಗಲೇ ದಟ್ಟವಾಗಿರುವ ಮೋಡಕ್ಕೆ ಲವಣದ ಕಣ ಇಲ್ಲವೇ ಸಿಲ್ವರ್ ಅಯೊಡೈಡ್ ಎರಚಿ ಸ್ವಲ್ಪ ಹೆಚ್ಚು ಮಳೆ ಬರಿಸಲು ಮಾಡುವ ಪ್ರಯತ್ನ ಅದು, ಪರಿಣಾಮ ಇದ್ದರೂ ಕೆಲವು ಗಂಟೆಗಳದ್ದು. ಬರ ಬಿದ್ದ ವರ್ಷ ಬಯಲುಸೀಮೆಗಾಗಿ ಮಾಡಿದ ಕೆಲಸ ಬೇರೊಂದು ವರ್ಷ ನಿಮ್ಮ ಅಂಗಳವನ್ನು ನೆನೆಸಲಾರದು. ಟವರಿನ ಮಾತಿಗೆ ಆಧಾರವೇ ಇಲ್ಲ. ಒಂದು ಸಾಧಾರಣ ಗುಡುಗು ಮೋಡದಲ್ಲಿ ಅಡಗಿರುವ ಶಕ್ತಿಯ ಮುಂದೆ ಮೊಬೈಲ್ ಸಂಕೇತದ ಶಕ್ತಿ ಲೆಕ್ಕಕ್ಕೇ ಬರುವುದಿಲ್ಲ.

ಮೂರನೆಯ ವಿವರಣೆಯೊಂದನ್ನು ನೀವು ಬರೆದಿಲ್ಲ, ಆದರೆ ಕೇಳಿರುತ್ತೀರಿ: ಎಲ್ಲವೂ ಹವಾಮಾನ ಬದಲಾವಣೆಯಿಂದ. ಇದರಲ್ಲಿ ಸತ್ಯವಿದೆ, ಆದರೆ ಎಲ್ಲದಕ್ಕೂ ಹಚ್ಚುವ ಮುಲಾಮಿನಂತೆ ಬಳಸಬಾರದು. ಅರಬ್ಬಿ ಸಮುದ್ರ ಬಿಸಿಯಾಗಿದೆ, ಅಲ್ಲಿ ಏಳುವ ಚಂಡಮಾರುತಗಳು ಇತ್ತೀಚಿನ ದಶಕಗಳಲ್ಲಿ ಹೆಚ್ಚಿವೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ತೇವ ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆ, ಆದ್ದರಿಂದ ಬಂದ ಮಳೆ ಜೋರಾಗಿಯೇ ಬರುತ್ತದೆ. 2021ರ ಜನವರಿ ಮೊದಲ ವಾರದಲ್ಲಿ ಕೊಡಗು, ಚಿಕ್ಕಮಗಳೂರು ಕಡೆ ಕಾಫಿ ಕಣದಲ್ಲಿದ್ದಾಗಲೇ ಮಳೆ ಬಂದದ್ದು, ಅದೇ ವರ್ಷದ ನವೆಂಬರ್‌ನಲ್ಲಿ ರಾಗಿ, ಭತ್ತ, ಕಾಫಿ ಎಲ್ಲವೂ ನೆನೆದು ಹೋದದ್ದು ರೈತರಿಗೆ ನೆನಪಿರಬಹುದು. ಆದರೂ ಒಂದು ನಿರ್ದಿಷ್ಟ ವಾರದ ಜಿಟಿಜಿಟಿಯನ್ನು ತೋರಿಸಿ ಇದು ಅದರದ್ದೇ ಫಲ ಎನ್ನಲಾಗದು. ಇನ್ನೊಂದು ಸಂಗತಿಯನ್ನು ನಾವು ಮರೆಯುತ್ತೇವೆ. ಆಳುಗಳು ಸಿಗುತ್ತಿದ್ದ ಕಾಲದಲ್ಲಿ ಮೋಡ ಕಂಡರೆ ಕೊನೆ (ಅಡಿಕೆ ಗೊನೆ) ತೆಗೆಯುವುದನ್ನು ಎರಡು ದಿನ ಮುಂದೆ ಹಾಕಬಹುದಿತ್ತು. ಇಂದು ಮರ ಹತ್ತಿ ಕೊನೆ ಇಳಿಸುವ ಕೊನೆಗಾರ ಬಂದ ದಿನವೇ ಕೊಯ್ಲಿನ ದಿನ. ಆಕಾಶ ಎಷ್ಟು ಬದಲಾಗಿದೆಯೋ, ಮಳೆಗೆ ಸಿಕ್ಕಿಕೊಳ್ಳುವ ನಮ್ಮ ಸ್ಥಿತಿಯೂ ಅಷ್ಟೇ ಬದಲಾಗಿದೆ.

ಈಗ ಚಂಡಮಾರುತದ ವಿಷಯ. 2024ರ ‘ಫೆಂಗಲ್’ ಉದಾಹರಣೆ ತೆಗೆದುಕೊಳ್ಳಿ. ಅದು ನವೆಂಬರ್ 30ರ ಶನಿವಾರ ರಾತ್ರಿ ಪುದುಚೇರಿಯ ಬಳಿ ದಡ ದಾಟಿತು. ತೀರ್ಥಹಳ್ಳಿಗೂ ಅಲ್ಲಿಗೂ ನೇರ ದೂರವೇ ಐದುನೂರು ಕಿಲೋಮೀಟರ್‌ಗಿಂತ ಹೆಚ್ಚು. ದಡಕ್ಕೆ ಬಂದ ಚಂಡಮಾರುತದ ಬಿರುಗಾಳಿ ಅಡಗುತ್ತದೆ, ಆದರೆ ಸುಳಿ ಹಾಗೆಯೇ ಉಳಿದು ಪಶ್ಚಿಮಕ್ಕೆ ತೆವಳುತ್ತದೆ. ಭೂಮಿಯ ಉತ್ತರಾರ್ಧದಲ್ಲಿ ಇಂಥ ಸುಳಿಯ ಸುತ್ತ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುವುದರಿಂದ ಅದರ ದಕ್ಷಿಣ ಮಗ್ಗುಲಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ಸುಳಿ ನಮ್ಮ ಹತ್ತಿರ ಬರುವ ಹೊತ್ತಿಗೆ ಅರಬ್ಬಿ ಸಮುದ್ರದ ತೇವವನ್ನೂ ಎಳೆದುಕೊಳ್ಳತೊಡಗುತ್ತದೆ. ಆ ತೇವ ಘಟ್ಟಕ್ಕೆ ತಾಗಿ ಮೇಲೇರಿದಾಗ ಮಳೆ. ಫೆಂಗಲ್‌ನ ಅವಶೇಷ ಡಿಸೆಂಬರ್ 3ರ ಹೊತ್ತಿಗೆ ಅರಬ್ಬಿ ಸಮುದ್ರಕ್ಕೆ ಇಳಿಯಿತು, ಆ ದಿನಗಳಲ್ಲಿ ಕರಾವಳಿ, ಕೊಡಗು, ಮಲೆನಾಡಿನ ಹಲವೆಡೆ ಮಳೆಯಾಯಿತು. ಇದರಲ್ಲಿ ನಿಮಗೆ ಉಪಯೋಗಕ್ಕೆ ಬರುವ ಅಂಶ ಒಂದಿದೆ. ಸುಳಿ ದಡ ದಾಟಿದ ಸುದ್ದಿಗೂ ಮಲೆನಾಡಿನ ಮಳೆಗೂ ನಡುವೆ ಒಂದೂವರೆಯಿಂದ ಎರಡು ದಿನ ಸಿಗುತ್ತದೆ. ಶನಿವಾರ ರಾತ್ರಿ ಟಿವಿಯಲ್ಲಿ ಪುದುಚೇರಿ ಕಂಡರೆ ಭಾನುವಾರ ಬೆಳಿಗ್ಗೆ ಅಡಿಕೆ ಬೇಯಿಸುವ ಹಂಡೆಗೆ ಬೆಂಕಿ ಹಾಕಬಾರದು.

ಹಿಂಗಾರಿನಲ್ಲಿ ನಿಮ್ಮೂರಿಗೆ ಬರುವುದು ಇದೊಂದೇ ಮಳೆಯಲ್ಲ. ಎರಡು ಬಗೆಯಿದೆ, ಎರಡನ್ನೂ ಒಂದೇ ಹೆಸರಿನಿಂದ ಕರೆದು ಒಂದೇ ಉಪಾಯ ಮಾಡುವುದರಿಂದಲೇ ಅರ್ಧ ನಷ್ಟ. ಮೊದಲನೆಯದು ಅಕ್ಟೋಬರ್‌ನಿಂದ ನವೆಂಬರ್ ನಡುವಿನವರೆಗೆ ಕಾಣುವ ಗುಡುಗು ಮಳೆ. ಬೆಳಿಗ್ಗೆ ಚೊಕ್ಕ ಬಿಸಿಲು, ಮಧ್ಯಾಹ್ನದ ಹೊತ್ತಿಗೆ ಸೆಕೆ, ಮೂರು ಗಂಟೆಯ ನಂತರ ಎಲ್ಲಿಂದಲೋ ಕಪ್ಪು ಮೋಡ, ಒಂದು ಗಂಟೆ ಸುರಿದು ಖಾಲಿ. ಆಗುಂಬೆಯ ಕಡೆ ಗುಡುಗಿದರೆ ತೀರ್ಥಹಳ್ಳಿ ಪೇಟೆಯಲ್ಲಿ ಒಣ ರಸ್ತೆ. ಈ ಮಳೆ ಯಾವ ಊರಿಗೆ ಬೀಳುತ್ತದೆ ಎಂದು ಹಿಂದಿನ ದಿನ ಹೇಳಲು ಯಾರಿಂದಲೂ ಆಗದು. ಯಾವ ಹೊತ್ತಿಗೆ ಬೀಳಬಹುದು ಎಂಬುದು ಮಾತ್ರ ಬಹುಮಟ್ಟಿಗೆ ಖಚಿತ. ಆದ್ದರಿಂದ ಇದಕ್ಕೆ ಮುನ್ಸೂಚನೆಗಿಂತ ಶಿಸ್ತು ಮುಖ್ಯ: ಆ ತಿಂಗಳುಗಳಲ್ಲಿ ಮೋಡವಿರಲಿ ಇಲ್ಲದಿರಲಿ, ಎರಡೂವರೆ ಗಂಟೆಗೆ ಅಂಗಳದ ಕಡೆ ಒಬ್ಬರಿರಬೇಕು. ಬೆಳಗಿನ ಐದಾರು ಗಂಟೆಯ ಬಿಸಿಲು ಸಿಕ್ಕಿರುತ್ತದೆ, ಅಡಿಕೆ ಕೆಡುವುದಿಲ್ಲ.

ಎರಡನೆಯದು ಸುಳಿಯ ಮಳೆ, ನವೆಂಬರ್ ನಡುವಿನಿಂದ ಡಿಸೆಂಬರ್, ಕೆಲವೊಮ್ಮೆ ಜನವರಿಯವರೆಗೆ. ನಿಮ್ಮ ಅಡಿಕೆ ಕೆಡಿಸಿದ್ದು ಇದೇ ಎಂದು ವಿವರದಿಂದ ಊಹಿಸುತ್ತೇನೆ. ಅಳತೆಯಲ್ಲಿ ಏನೂ ಇರುವುದಿಲ್ಲ, ದಿನಕ್ಕೆ ಐದೋ ಹತ್ತೋ ಮಿಲಿಮೀಟರ್. ಆದರೆ ಎರಡರಿಂದ ನಾಲ್ಕು ದಿನ ಸೂರ್ಯನ ಮುಖ ಕಾಣುವುದಿಲ್ಲ, ಗಾಳಿಯಲ್ಲಿ ತೇವ ಇಳಿಯುವುದಿಲ್ಲ. ಅಡಿಕೆಗೆ ಮಳೆಯ ಹನಿಗಿಂತ ದೊಡ್ಡ ಶತ್ರು ಈ ಬಿಸಿಲಿಲ್ಲದ ದಿನಗಳು. ಇಡೀ ಅಂಗಳಕ್ಕೆ ಟಾರ್ಪಾಲು ಹೊದಿಸಿ ಒಂದು ಹನಿಯೂ ಬೀಳದಂತೆ ಕಾದರೂ ಬೂಸ್ಟು ಬರುತ್ತದೆ, ನಿಮಗೆ ಆದದ್ದೇ ಹಾಗೆ. ಸಮಾಧಾನದ ಸಂಗತಿಯೆಂದರೆ ಮೂರರಿಂದ ಐದು ದಿನ ಮೊದಲೇ ಸುಳಿವು ಕೊಡುವ ಮಳೆಯೂ ಇದೇ.

ಹಾಗಾದರೆ ಮೂರು ಆ್ಯಪ್ ಮೂರು ರೀತಿ ಹೇಳುವುದೇಕೆ? ಒಂದೊಂದೂ ಒಂದೊಂದು ಗಣಕ ಮಾದರಿಯಿಂದ ಅಂಕಿ ತೆಗೆಯುತ್ತದೆ: ಕೆಲವು ಅಮೆರಿಕದ್ದು, ಕೆಲವು ಯುರೋಪಿನದ್ದು. ಈ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಒಂದು ಚೌಕಕ್ಕೆ ಒಂದು ಉತ್ತರ ಕೊಡುತ್ತವೆ. ಚೌಕದ ಬದಿ ಹತ್ತು, ಹನ್ನೆರಡು, ಕೆಲವೊಮ್ಮೆ ಇಪ್ಪತ್ತೈದು ಕಿಲೋಮೀಟರ್. ನಮ್ಮ ಹವಾಮಾನ ಇಲಾಖೆ 2025ರ ಮೇ ತಿಂಗಳಲ್ಲಿ ಆರು ಕಿಲೋಮೀಟರ್ ಚೌಕದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ಬಳಕೆಗೆ ತಂದಿತು, ಅದು ಒಳ್ಳೆಯ ಸುಧಾರಣೆ. ಬಯಲುಸೀಮೆಯಲ್ಲಿ ದೊಡ್ಡ ಚೌಕವೂ ನಡೆಯುತ್ತದೆ. ನಿಮ್ಮಲ್ಲಿ ಒಂದೇ ಚೌಕದೊಳಗೆ ಗುಡ್ಡ, ಕಣಿವೆ, ಹೊಳೆ, ದಟ್ಟ ಕಾಡು ಎಲ್ಲವೂ ಇವೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಆಗುಂಬೆಯಿಂದ ಆರುನೂರರ ಆಸುಪಾಸಿನ ಕಡೂರಿಗೆ ಅರ್ಧ ದಿನದ ಬಸ್ ಪ್ರಯಾಣವೂ ಬೇಡ.

ಆದ್ದರಿಂದ ಮೂರು ಆ್ಯಪ್‌ಗಳನ್ನು ಒಂದಕ್ಕೊಂದು ಹೋಲಿಸುವುದನ್ನು ಬಿಡಿ. ಒಂದನ್ನೇ ಇಟ್ಟುಕೊಂಡು ಅದು ದಿನದಿಂದ ದಿನಕ್ಕೆ ಮಾತು ಬದಲಿಸುತ್ತದೆಯೇ ಎಂದು ನೋಡಿ. ಸೋಮವಾರ ನೋಡಿದಾಗ ಶುಕ್ರವಾರಕ್ಕೆ ಮಳೆ ಎಂದಿದ್ದು, ಮಂಗಳವಾರ, ಬುಧವಾರವೂ ಶುಕ್ರವಾರಕ್ಕೇ ಅಂಟಿಕೊಂಡಿದ್ದರೆ ಅದು ಸುಳಿಯ ಮಳೆ, ನಂಬಬಹುದು. ದಿನಕ್ಕೊಂದು ಮಾತಾಡುತ್ತಿದ್ದರೆ ಮಾದರಿಗೇ ಇನ್ನೂ ಸ್ಪಷ್ಟವಿಲ್ಲ ಎಂದರ್ಥ. ಮೋಡದ ಚಿತ್ರಕ್ಕಿಂತ ಗಂಟೆವಾರು ಪುಟದಲ್ಲಿ ಗಾಳಿಯ ತೇವಾಂಶ ನೋಡಿ. ಮಧ್ಯಾಹ್ನ ಎರಡು ಗಂಟೆಗೂ ತೇವಾಂಶ ಇಳಿಯದಿದ್ದರೆ ಮಳೆ ಬರದಿದ್ದರೂ ಆ ದಿನ ಅಡಿಕೆ ಒಣಗುವುದಿಲ್ಲ.

ಇಲಾಖೆಯ ವರದಿಯನ್ನು ಓದುವುದಕ್ಕೂ ಒಂದು ಕ್ರಮವಿದೆ. ‘ಒಂದೆರಡು ಕಡೆ’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಭಾಗದವರೆಗೆ ಮಾತ್ರ ಮಳೆ. ‘ಕೆಲವು ಕಡೆ’ ಎಂದರೆ ಅರ್ಧದವರೆಗೆ. ‘ಹಲವು ಕಡೆ’ ಎಂದರೆ ಮುಕ್ಕಾಲಿನವರೆಗೆ. ‘ಬಹುತೇಕ ಕಡೆ’ ಎಂದರೆ ಅದಕ್ಕೂ ಹೆಚ್ಚು. ಅಕ್ಟೋಬರ್‌ನ ‘ಒಂದೆರಡು ಕಡೆ’ಯನ್ನು ಗುಡುಗು ಮಳೆಯೆಂದೂ, ಡಿಸೆಂಬರ್‌ನ ‘ಹಲವು ಕಡೆ’ಯನ್ನು ಸುಳಿಯ ಮಳೆಯೆಂದೂ ಓದಿಕೊಳ್ಳಿ. ಇನ್ನು ಬಣ್ಣದ ಎಚ್ಚರಿಕೆ. ಇದರಿಂದ ಮೋಸ ಹೋಗುವವರು ಬಹಳ. ಮಳೆಯ ಯೆಲ್ಲೋ ಅಲರ್ಟ್ ಕೊಡುವುದು ಸಾಮಾನ್ಯವಾಗಿ ದಿನಕ್ಕೆ 64.5 ಮಿಲಿಮೀಟರ್ ಮೀರುವ ಭಾರಿ ಮಳೆಯ ಸಾಧ್ಯತೆಗೆ. ಅದು ರಸ್ತೆ, ಹೊಳೆ, ಗುಡ್ಡ ಕುಸಿತವನ್ನು ನೋಡಿಕೊಳ್ಳುವವರಿಗಾಗಿ ಇಟ್ಟ ಗೆರೆ. ನಿಮ್ಮ ಅಂಗಳ ಕೆಡಲು ಐದು ಮಿಲಿಮೀಟರ್ ಸಾಕು, ಅದಕ್ಕೆ ಯಾವ ಬಣ್ಣವೂ ಬರುವುದಿಲ್ಲ. ನಕ್ಷೆ ಹಸಿರಾಗಿದೆ ಎಂದು ಅಡಿಕೆ ಹರಡಿದವರು ಸಂಜೆ ಇಲಾಖೆಯನ್ನು ಶಪಿಸುತ್ತಾರೆ. ಇಲಾಖೆ ಅವರಿಗೆ ಒಣ ದಿನವನ್ನು ಭರವಸೆ ಕೊಟ್ಟಿರಲಿಲ್ಲ.

ರೈತರಿಗಾಗಿಯೇ ಬರುವ ಕೃಷಿ ಹವಾಮಾನ ಸಲಹೆ ಇದಕ್ಕಿಂತ ಹತ್ತಿರದ್ದು. ಪ್ರತಿ ಮಂಗಳವಾರ, ಶುಕ್ರವಾರ ಬರುತ್ತದೆ, ಮುಂದಿನ ಐದು ದಿನಗಳ ಮಳೆ, ಉಷ್ಣತೆ, ತೇವಾಂಶ, ಗಾಳಿ ಎಲ್ಲವೂ ಅಂಕಿಯಲ್ಲಿ ಇರುತ್ತವೆ. ‘ಮೇಘದೂತ್’ ಆ್ಯಪ್‌ನಲ್ಲಿ ಕನ್ನಡದಲ್ಲೇ ಸಿಗುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿಗೂ ಕರೆ ಮಾಡಬಹುದು. ಈ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿರುವುದರಿಂದ ಪಕ್ಕದ ಹೋಬಳಿಯಲ್ಲಿ ಈಗ ಎಷ್ಟು ಬಿದ್ದಿದೆ ಎಂಬುದು ಅವರಲ್ಲಿ ಇರುತ್ತದೆ. ಉಪಗ್ರಹ ಚಿತ್ರ ನೋಡುವ ಹವ್ಯಾಸವಿದ್ದರೆ ಒಂದು ಎಚ್ಚರಿಕೆ: ರಾತ್ರಿಯ ಚಿತ್ರದಲ್ಲಿ ಬೆಳ್ಳಗೆ ಕಾಣುವುದು ಎತ್ತರದ ತಣ್ಣನೆಯ ಮೋಡ. ಘಟ್ಟದ ನೆತ್ತಿಗೆ ತಾಗಿಕೊಂಡು ಜಿಟಿಜಿಟಿ ಸುರಿಸುವ ತಗ್ಗಿನ ಮೋಡ ಅದರಲ್ಲಿ ಸರಿಯಾಗಿ ಕಾಣುವುದೇ ಇಲ್ಲ.

ಕಣ್ಣಿಗೆ ಕಾಣುವ ಲಕ್ಷಣಗಳನ್ನೂ ತಳ್ಳಿಹಾಕಬೇಡಿ, ಆದರೆ ಆರಿಸಿಕೊಳ್ಳಿ. ಇಬ್ಬನಿ ಬೀಳಲು ರಾತ್ರಿ ಆಕಾಶ ಶುಭ್ರವಾಗಿರಬೇಕು, ಗಾಳಿ ನಿಂತಿರಬೇಕು. ನವೆಂಬರ್‌ನಲ್ಲಿ ದಿನವೂ ಇಬ್ಬನಿ ಬೀಳುತ್ತಿದ್ದ ಅಂಗಳ ಒಂದು ಬೆಳಿಗ್ಗೆ ಒಣಗಿದ್ದು, ರಾತ್ರಿ ಹೊದಿಕೆ ಬೇಡವೆನಿಸುವಷ್ಟು ಬೆಚ್ಚಗಿದ್ದರೆ ಮೇಲೆ ಮೋಡದ ಮುಸುಕು ಬಂದಿದೆ ಎಂದರ್ಥ. ಚಂದ್ರನ ಸುತ್ತ ದೊಡ್ಡ ಬೆಳಕಿನ ಬಳೆ ಕಂಡರೆ ಬಹಳ ಎತ್ತರದಲ್ಲಿ ಮಂಜಿನ ಹರಳಿನ ತೆಳು ಮೋಡವಿದೆ. ದೂರದ ಸುಳಿಯ ಅಂಚು ಮೊದಲು ಹೀಗೆಯೇ ಬರುವುದುಂಟು. ತಗ್ಗಿನ ಮೋಡಗಳು ಪೂರ್ವದಿಂದ ಪಶ್ಚಿಮಕ್ಕೆ ಬೇಗ ಬೇಗ ಸಾಗುತ್ತಿದ್ದರೂ ಗಮನಿಸಿ. ಈ ಮೂರರಲ್ಲಿ ಎರಡು ಒಟ್ಟಿಗೆ ಕಂಡರೆ ನಾನಾದರೆ ಆ ದಿನ ಹೊಸ ಹಂಡೆ ಇಡಿಸುವುದಿಲ್ಲ. ರೆಕ್ಕೆ ಬಂದ ಗೆದ್ದಲು ಏಳುವುದು ಮಾತ್ರ ಹೆಚ್ಚಾಗಿ ಆಗಲೇ ಬಿದ್ದ ಮಳೆಯ ಸುದ್ದಿ, ಮುಂದಿನ ಮಳೆಯದಲ್ಲ.

ಇನ್ನು ಏನು ಮಾಡುವುದು ಎಂಬುದಕ್ಕೆ ಬರೋಣ. ಮಳೆಯ ಸಾಧ್ಯತೆ ಶೇಕಡಾ 30 ಎಂದಾಗ ಎಲ್ಲ ಕೆಲಸಕ್ಕೂ ಒಂದೇ ಉತ್ತರ ಇರುವುದಿಲ್ಲ. ಅಂಗಳದ ಅಡಿಕೆಯನ್ನು ಬಳಿದು ಒಳಗಿಡಲು ಸಾವಿರ ರೂಪಾಯಿಯ ಆಳು ಖರ್ಚು, ನೆನೆದರೆ ಹತ್ತು ಸಾವಿರದ ನಷ್ಟ ಎಂದಿಟ್ಟುಕೊಳ್ಳಿ. ಹಾಗಿದ್ದರೆ ಸಾಧ್ಯತೆ ಶೇಕಡಾ 10 ದಾಟಿದ ಕೂಡಲೇ ಒಳಗಿಡುವುದು ಲಾಭ. ಹತ್ತು ಸಲದಲ್ಲಿ ಏಳೆಂಟು ಸಲ ಸುಮ್ಮನೆ ಎತ್ತಿಟ್ಟಂತಾಗುತ್ತದೆ, ಮನೆಯವರು ನಗುತ್ತಾರೆ, ನಗಲಿ. ಅದೇ ಶೇಕಡಾ 30ಕ್ಕೆ ಕೊನೆಗಾರನಿಗೆ ಬರಬೇಡ ಎಂದರೆ ಅವನು ಮತ್ತೆ ಸಿಗುವುದು ಹದಿನೈದು ದಿನದ ಮೇಲೆ, ಅಷ್ಟರಲ್ಲಿ ಕಾಯಿ ಬಲಿತು ಹಣ್ಣಾಗುತ್ತದೆ. ಹದವಾದ ಕಾಯಿಯಿಂದಾಗುವ ಹಸ, ಬೆಟ್ಟೆ ದರ್ಜೆಗಳು ಕಡಿಮೆಯಾಗಿ ಹಣ್ಣಡಿಕೆಯ ಗೋಟು ಹೆಚ್ಚುತ್ತದೆ. ಇಲ್ಲಿ ಶೇಕಡಾ 60-70 ದಾಟುವವರೆಗೆ ಕೊಯ್ಲು ನಿಲ್ಲಿಸಬಾರದು. ನಿಮ್ಮ ಮನೆಯ ಪ್ರತಿಯೊಂದು ಕೆಲಸಕ್ಕೂ ಈ ಗೆರೆ ಎಲ್ಲಿದೆ ಎಂದು ಒಮ್ಮೆ ಕೂತು ಲೆಕ್ಕ ಹಾಕಿ. ಮುನ್ಸೂಚನೆ ಉಪಯೋಗಕ್ಕೆ ಬರುವುದು ಆ ಮೇಲೆಯೇ.

ಕೊಯ್ಲು ನಿಲ್ಲಿಸದಿದ್ದರೂ ಬೇಯಿಸುವುದನ್ನು ನಿಲ್ಲಿಸಬಹುದು. ಸಿಪ್ಪೆ ಸಮೇತದ ಹಸಿ ಅಡಿಕೆಯನ್ನು ನೆರಳಿನಲ್ಲಿ ತೆಳುವಾಗಿ ಹರಡಿದರೆ ಎರಡು ಮೂರು ದಿನ ತಡೆಯುತ್ತದೆ. ಸುಲಿದ ಮೇಲೆ ತಡೆಯುವುದಿಲ್ಲ, ಬೇಯಿಸಿದ ಮೇಲಂತೂ ಬಿಸಿಲೇ ಬೇಕು. ಸುಳಿಯ ಮಳೆಯ ಸುದ್ದಿ ಬಂದಾಗ ಸುಲಿಯುವ ಕೆಲಸವನ್ನು ಅಷ್ಟರಮಟ್ಟಿಗೆ ತಡ ಮಾಡುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಆಗಲೇ ಬೆಂದ ಅಡಿಕೆಯಿದ್ದರೆ ರಾಶಿ ಮಾಡಿ ಟಾರ್ಪಾಲು ಮುಚ್ಚುವುದು ಬೇಡ. ಬಿಸಿ, ತೇವ ಎರಡನ್ನೂ ಒಳಗೇ ಕೂಡಿಹಾಕಿ ಬೂಸ್ಟಿಗೆ ಮನೆ ಕಟ್ಟಿಕೊಟ್ಟಂತೆ. ಜಗಲಿ, ಹಜಾರ, ಅಟ್ಟ ಎಲ್ಲಿ ಜಾಗವಿದೆಯೋ ಅಲ್ಲಿ ಒಂದೇ ಪದರವಾಗಿ ಹರಡಿ ಫ್ಯಾನ್ ಹಾಕಿ. ನೋಡಲು ಚೆನ್ನಾಗಿರುವುದಿಲ್ಲ, ನೆಂಟರು ಬಂದರೆ ಕೂರಲು ಜಾಗವಿರುವುದಿಲ್ಲ, ಆದರೆ ಅಡಿಕೆ ಉಳಿಯುತ್ತದೆ.

ಪ್ಲಾಸ್ಟಿಕ್ ಚಾವಣಿಯ ಒಣಗಿಸುವ ಮನೆ ಗುಡುಗು ಮಳೆಗೆ, ಇಬ್ಬನಿಗೆ ಚೆನ್ನಾದ ಉತ್ತರ. ಸುಳಿಯ ಮಳೆಗೆ ಅರೆ ಉತ್ತರ ಮಾತ್ರ, ಏಕೆಂದರೆ ಅದಕ್ಕೂ ಬಿಸಿಲು ಬೇಕು. ಮೇಲ್ಭಾಗದಲ್ಲಿ ಗಾಳಿ ಹೋಗಲು ಕಿಂಡಿ ಬಿಡದೆ ಕಟ್ಟಿದರೆ ಅಡಿಕೆಯಿಂದ ಎದ್ದ ಆವಿ ಹಾಳೆಗೆ ತಾಗಿ ನೀರಾಗಿ ಮತ್ತೆ ಅಡಿಕೆಯ ಮೇಲೇ ತೊಟ್ಟಿಕ್ಕುತ್ತದೆ. ಅಗ್ಗದ ಹಾಳೆ ಬಿಸಿಲಿಗೆ ಬೇಗ ಪುಡಿಯಾಗುತ್ತದೆ.

ಕಟ್ಟಿಗೆಯ ಡ್ರೈಯರ್ ಒಂದೇ ಸುಳಿಯ ಮಳೆಗೆ ನಿಜವಾದ ಮದ್ದು. ಆದರೆ ಬೆಂಕಿ ಜೋರಾದರೆ ಹೊರಮೈ ಗಟ್ಟಿಯಾಗಿ ಒಳಗೆ ಹಸಿ ಉಳಿಯುತ್ತದೆ, ಹೊಗೆ ತಾಗಿದರೆ ಬಣ್ಣ, ವಾಸನೆ ಕೆಟ್ಟು ಮಂಡಿಯಲ್ಲಿ ದರ ಬೀಳುತ್ತದೆ, ರಾತ್ರಿ ಕಾಯಲು ಜನ ಬೇಕು. ವಿದ್ಯುತ್ ಫ್ಯಾನ್ ಇರುವುದಾದರೆ ನಿಮಗೆ ಅದು ಬೇಕಾಗುವ ದಿನವೇ ಕರೆಂಟ್ ಹೋಗಿರುತ್ತದೆ ಎಂದು ತಿಳಿದೇ ಕೊಳ್ಳಿ. ಎರಡೂವರೆ ಎಕರೆಗೆ ಒಬ್ಬರೇ ಸಾಲ ಮಾಡಿ ಡ್ರೈಯರ್ ಹಾಕಿಸುವುದನ್ನು ನಾನು ಸಲಹೆ ಮಾಡುವುದಿಲ್ಲ. ವರ್ಷದಲ್ಲಿ ಅದು ಕೆಲಸ ಮಾಡುವ ದಿನಗಳು ಕಡಿಮೆ. ಅಕ್ಕಪಕ್ಕದ ಮೂರು ನಾಲ್ಕು ಮನೆಯವರು ಸೇರಿ ಹಾಕಿಸಿದರೆ ಲೆಕ್ಕ ಬೇರೆಯಾಗುತ್ತದೆ, ಆದರೆ ಎಲ್ಲರಿಗೂ ಒಂದೇ ದಿನ ಬೇಕಾಗುವ ಯಂತ್ರ ಅದು. ಸರದಿಯನ್ನು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಅಡಿಕೆಯ ಜೊತೆ ನೆರೆಹೊರೆಯೂ ಕೆಡುತ್ತದೆ.

ಚೇಣಿಗೆ ಕೊಟ್ಟರೆ ಹವಾಮಾನದ ಹೊಣೆಯಷ್ಟೂ ಚೇಣಿದಾರನದು, ಅದರ ಬೆಲೆಯನ್ನು ಅವನು ದರದಲ್ಲಿ ಮುರಿದುಕೊಳ್ಳುತ್ತಾನೆ. ಇದು ಸೋಲಲ್ಲ, ಒಂದು ರೀತಿಯ ವಿಮೆ. ನನ್ನ ಅಭಿಪ್ರಾಯದಲ್ಲಿ ಈ ವರ್ಷ ತೋಟವನ್ನು ಎರಡು ಪಾಲು ಮಾಡಿ: ಸುಳಿಯ ಮಳೆಗೆ ಸಿಕ್ಕುವ ಕೊಯ್ಲನ್ನು ಹಸಿ ಅಡಿಕೆಯಾಗಿ ಮಾರಿ ಇಲ್ಲವೇ ಚೇಣಿಗೆ ಕೊಡಿ, ಜನವರಿಯ ಹೊತ್ತಿನ ಕೊಯ್ಲನ್ನು ಕೈಯಲ್ಲಿ ಇಟ್ಟುಕೊಳ್ಳಿ. ಜನವರಿಗೂ ಖಾತ್ರಿಯಿಲ್ಲ, ಆದರೆ ಡಿಸೆಂಬರ್ ಮೊದಲ ವಾರಕ್ಕಿಂತ ವಾಸಿ. ಉಳಿದ ಹಣವನ್ನು ಒಣಗಿಸುವ ಮನೆಗೆ ಹಾಕಿ, ಎರಡು ಹಂಗಾಮು ನೋಡಿ ಡ್ರೈಯರ್ ಬಗ್ಗೆ ಯೋಚಿಸಿ.

ಭತ್ತದ ವಿಷಯ ಸರಳ. ಎರಡು ದಿನದೊಳಗೆ ಮಳೆಯ ಸುದ್ದಿಯಿದ್ದರೆ ಕೊಯ್ಯಬೇಡಿ, ಗದ್ದೆಯ ನೀರು ಬಸಿದುಬಿಡಿ. ನಿಂತ ಪೈರು ಒಂದೆರಡು ದಿನದ ಮಳೆಯನ್ನು ತಡೆದುಕೊಳ್ಳುತ್ತದೆ, ನೆಲಕ್ಕೆ ಹಾಸಿದ ಪೈರು ತಡೆಯುವುದಿಲ್ಲ. ಪೂರ್ತಿ ಬಲಿತು ಬಾಗಿದ ಪೈರಾದರೆ ಕಾಳು ಉದುರುವ ಅಪಾಯವೂ ಇದೆ, ಆಗ ಒಂದು ದಿನದಲ್ಲಿ ಕೊಯ್ದು ಹೊರೆ ಕಟ್ಟಿ ಮನೆ ಸೇರಿಸಲು ಸಾಧ್ಯವಿರುವಷ್ಟನ್ನೇ ಕೊಯ್ಯಿರಿ. ಕಟಾವು ಯಂತ್ರ ತರಿಸಿದರೆ ಕೆಲಸ ಗಂಟೆಗಳಲ್ಲಿ ಮುಗಿಯುತ್ತದೆ, ಆದರೆ ಕಾಳಿನಲ್ಲಿ ತೇವ ಹೆಚ್ಚಿರುತ್ತದೆ. ಅದನ್ನು ಹರಡಲು ಮತ್ತೆ ಅದೇ ಅಂಗಳ, ಅದೇ ಬಿಸಿಲು ಬೇಕು.

ನೀವು ಕೇಳದ ಒಂದು ವಿಷಯವನ್ನು ಹೇಳದೆ ಬಿಡಲಾರೆ. ಗುಡುಗು ಮಳೆಯ ತಿಂಗಳುಗಳಲ್ಲಿ ನಾವು ಅಡಿಕೆಯ ಚಿಂತೆ ಮಾಡುತ್ತೇವೆ, ಮರದ ಮೇಲಿರುವ ಮನುಷ್ಯನದ್ದು ಮರೆಯುತ್ತೇವೆ. ಗುಡುಗು ಕಿವಿಗೆ ಕೇಳಿಸಿತೆಂದರೆ ಸಿಡಿಲು ತಲುಪುವ ದೂರದಲ್ಲಿದ್ದೀರಿ ಎಂದೇ ಅರ್ಥ. ಕೊನೆಗಾರನನ್ನು ಕೂಡಲೇ ಇಳಿಸಿ, ಎಲ್ಲರೂ ಮನೆಯೊಳಗೆ ಬನ್ನಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ತೋಟಕ್ಕೆ ಹೋಗಬೇಡಿ. ನೆಲದಲ್ಲೇ ನಿಂತು ದೋಟಿಯಿಂದ, ಅಂದರೆ ಉದ್ದನೆಯ ಕೋಲಿನಿಂದ ಕೊಯ್ಯುವವರಾದರೆ ಇನ್ನೊಂದು ಮಾತು: ಅಲ್ಯೂಮಿನಿಯಂ ಮಾತ್ರವಲ್ಲ, ಕಾರ್ಬನ್ ಫೈಬರ್ ದೋಟಿಯಲ್ಲೂ ವಿದ್ಯುತ್ ಹರಿಯುತ್ತದೆ. ತೋಟದ ಮೇಲೆ ತಂತಿ ಹಾದುಹೋಗಿದ್ದರೆ ಆ ಸಾಲಿನ ಮರಗಳಿಗೆ ಅದನ್ನು ಎತ್ತಲೇಬಾರದು. ಸಿಡಿಲು ಎಲ್ಲಿ ಬೀಳುತ್ತಿದೆ ಎಂದು ತೋರಿಸುವ ‘ದಾಮಿನಿ’ ಆ್ಯಪ್ ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯದ್ದು, ಅದನ್ನು ನಿಮ್ಮ ಮೊಬೈಲ್‌ನಲ್ಲೂ ಕೊನೆಗಾರನ ಮೊಬೈಲ್‌ನಲ್ಲೂ ಹಾಕಿಸಿ.

ವಿಮೆಯ ಬಗ್ಗೆ ಕೊನೆಯದಾಗಿ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆಗೆ ಪರಿಹಾರ ಲೆಕ್ಕವಾಗುವುದು ಮಳೆಮಾಪಕದ ಅಂಕಿಯ ಮೇಲೆ. ಅಂಗಳದಲ್ಲಿ ಬೂಸ್ಟು ಹಿಡಿದದ್ದನ್ನು ಯಾರೂ ಬಂದು ನೋಡುವುದಿಲ್ಲ. ಭತ್ತದ ಸ್ಥಿತಿ ಬೇರೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ, ಕೊಯ್ದು ಗದ್ದೆಯಲ್ಲೇ ಒಣಗಲು ಹಾಕಿದ ಬೆಳೆ ಹದಿನಾಲ್ಕು ದಿನದೊಳಗೆ ಅಕಾಲಿಕ ಮಳೆ ಅಥವಾ ಚಂಡಮಾರುತದ ಮಳೆಗೆ ಸಿಕ್ಕಿ ಹಾಳಾದರೆ ಪರಿಹಾರಕ್ಕೆ ಅವಕಾಶವಿದೆ. ನಿಮ್ಮ ಹೋಬಳಿಯ ಅಧಿಸೂಚನೆಯಲ್ಲಿ ಭತ್ತಕ್ಕೆ ಈ ಅಂಶ ಸೇರಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಈಗಲೇ ವಿಚಾರಿಸಿಕೊಳ್ಳಿ. ನಷ್ಟವಾದ 72 ಗಂಟೆಯೊಳಗೆ ವಿಮಾ ಕಂಪನಿಗೆ, ಬ್ಯಾಂಕಿಗೆ ಅಥವಾ ಕೃಷಿ ಇಲಾಖೆಗೆ ತಿಳಿಸಬೇಕು. ನೆನೆದ ಭತ್ತವನ್ನು ಬೇಸರದಿಂದ ಎತ್ತಿ ಬಿಸಾಡುವ ಮೊದಲು, ಅದು ಗದ್ದೆಯಲ್ಲಿ ಬಿದ್ದಿರುವಂತೆಯೇ ತಾರೀಖು ಮೂಡುವ ಹಾಗೆ ಫೋಟೊ ತೆಗೆದಿಡಿ.